ಎಳೆ ಕೂಡಿಸುವಾಗಿನ ಹೂಂ

ರತ್ನವ್ವ ಎಳೆ ಕೂಡಿಸಲು ಕುಳಿತರೆ ಲೋಕ ಮರೆಯುತ್ತಾಳೆ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಎಣಿಕೆ ತಪ್ಪಬಾರದೆಂದು ಯಾರು ಏನು ಕೇಳಿದರೂ "ಹೂಂ" ಎನ್ನುತ್ತಾಳೆ. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಹೂಂ". ಆ ಹೊತ್ತಿನ ಹೂಂ ಅನ್ನು ನಮ್ಮ ಓಣಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳ ಮೈದುನ ಅಮೀನಪ್ಪನಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಮಾಡಿದ, ಹಲ್ಕಾ ಮನುಷ್ಯ.

ಹೋದ ವರ್ಷ ವಿದ್ಯಾಗಿರಿಯ ಕಾಲೇಜಿನಿಂದ ಕಲ್ಲೇಶ ಎಂಬ ಸಂಶೋಧಕ ಬಂದ. ದೂರದ ಯಾವುದೋ ದ್ವೀಪದಲ್ಲಿ ಸಾಸಾಕ್ ಎಂಬ ಭಾಷೆಯಂತೆ. ಅದರ ಒಂದು ಸೀಮೆಯ ಮಾತಿನಲ್ಲಿ, ಮಾಡಿದವರ ಹೆಸರೆತ್ತದೆ ಕೆಲಸ ಆಯಿತೆಂದಷ್ಟೇ ಹೇಳುವ ಕರ್ಮಣಿ ವಾಕ್ಯಗಳು ಬಹಳವಂತೆ. ನಮ್ಮ ಕಡೆಯೂ ಅಂಥವು ಇವೆಯೇ ಎಂದು ಹೋಲಿಸಿ ನೋಡುವುದು ಅವನ ಕೆಲಸ. ಮಾತು ತುಂಬಿಕೊಳ್ಳುವ ಯಂತ್ರ ಚಾಲೂ ಮಾಡಿ ಮಗ್ಗದ ಪಕ್ಕ ಕುಳಿತ.

"ಸೀರೆ ನೇಯಲ್ಪಟ್ಟಿತು ಅಂತ ನಿಮ್ಮಲ್ಲಿ ಅಂತಾರೇನ್ರಿ?"

"ಹೂಂ."

ಹೀಗೆ ಮೂರು ದಿನ. ಓದಿದವನಿಗೆ ಎದುರಿನವಳ ಕೈ ನೋಡುವಷ್ಟು ಬುದ್ಧಿ ಇರಲಿಲ್ಲ.

ಮೂರನೆಯ ದಿನ ಅಮೀನಪ್ಪ ಅಲ್ಲಿಗೇ ಬಂದು, ಯಂತ್ರ ನಡೆಯುತ್ತಿರುವಾಗಲೇ ಕೇಳಿದ. "ವೈನಿ, ಪ್ರಶಸ್ತಿ ಅರ್ಜಿಯೊಳಗ ಈ ಸೀರಿ ನೇಯಾಂವ ಅಂತ ನನ್ನ ಹೆಸರು ಹಾಕಲೇನ್ರಿ?"

"ಹೂಂ."

ಮರುದಿನ ನೇಕಾರರ ಸಂಘದ ಗೋಡೆಗೆ ಪ್ರಶಸ್ತಿಯ ಅರ್ಜಿದಾರರ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಅಮೀನಪ್ಪನ ಹೆಸರು ಓದಿ ನನ್ನ ಮೈ ಉರಿಯಿತು. ರತ್ನವ್ವನಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು ನಾನು. ಅಮೀನಪ್ಪ ಒಂದು ದಿನವೂ ಲಾಳಿ ಮುಟ್ಟಿದ್ದನ್ನು ಕಂಡಿಲ್ಲ. ಓಡಿ ಹೋಗಿ ಅವಳ ಭುಜ ಅಲುಗಾಡಿಸಿ ಹೇಳಿದೆ. ಮುಗಿಯಲು ಇನ್ನು ಒಂದು ಗೇಣಿನಷ್ಟು ಎಳೆ ಉಳಿದಿತ್ತು.

ಅವಳು ಮೈದುನನನ್ನು ಕರೆದಳು. "ಇದೇನೋ ಅಮೀನಪ್ಪ?"

"ನೀವ ಹೂಂ ಅಂದ್ರಿ. ಸರ್ ಹಂತ್ಯಾಕ ಯಂತ್ರದಾಗ ಐತಿ, ಕೇಳ್ರಿ."

ಅಲ್ಲೇ ಕುಳಿತಿದ್ದ ಕಲ್ಲೇಶ ನಾಚಿಕೆಯಿಲ್ಲದೆ ಯಂತ್ರ ಒತ್ತಿದ. ಅವಳದೇ ದನಿ.

"ಅದು ಎಳಿ ಕೂಡಸೂ ಮುಂದಿನ ಹೂಂ ಐತ್ರಿ ಸರ," ಎಂದು ರತ್ನವ್ವ ಕೈಗಳನ್ನು ಮಡಿಲಲ್ಲಿಟ್ಟಳು. "ಈಗ ತುಂಬ್ಕೋರಿ. ಇಪ್ಪತ್ತು ವರ್ಷ ಈ ಮಗ್ಗದ ಮ್ಯಾಲೆ ನೇದಾಕಿ ನಾ, ರತ್ನವ್ವ. ಇಂವ ಅಲ್ಲ."

"ಇದು ನನ್ನ ವಿಷಯಕ್ಕೆ ಬರೂದಿಲ್ರಿ," ಎಂದು ಅವನು ಯಂತ್ರ ಬಂದ್ ಮಾಡಿದ. ಮುಂದೆ ಅವನ ಪುಸ್ತಕವೂ ಅಚ್ಚಾಯಿತು. ಇಳಕಲ್ಲಿನ ನೇಕಾರರು ಕರ್ಮಣಿ ವಾಕ್ಯಗಳನ್ನು ಸಲೀಸಾಗಿ ಒಪ್ಪುತ್ತಾರೆ ಎಂದು ಅದರಲ್ಲಿದೆ. ಸುಳ್ಳು, ಶುದ್ಧ ಸುಳ್ಳು.

ರತ್ನವ್ವ ಕೂಗಾಡಲಿಲ್ಲ. ಮಗ್ಗ ಅಮೀನಪ್ಪನದು, ಮನೆಯೂ ಅವನದೇ. ಅವಳಿಗೆ ಸ್ವಂತದ್ದೆಂದರೆ ಆ ಕೈಗಳು ಮಾತ್ರ. ಮತ್ತೆ ಮಗ್ಗಕ್ಕೆ ಬಾಗಿ, ಇಷ್ಟು ದಿನ ಕೂಡಿಸಿದ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ವೈನಿ, ನಾಡದು ಪ್ರಶಸ್ತಿ ಸಾಹೇಬ್ರು ಸೀರಿ ನೋಡಾಕ ಬರ್ತಾರ! ಬ್ಯಾಡ್ರಿ!" ಅಮೀನಪ್ಪ ಕೈ ಮುಗಿದ. "ನಿಮ್ಮ ಹೆಸರೂ ಸೇರಸ್ತೇನಿ."

ಅವಳು ನಿಲ್ಲಿಸಲಿಲ್ಲ. ಕೊನೆಯ ಎಳೆ ಬಿಚ್ಚಿದ ಮೇಲೆ ಎದ್ದು, ತನ್ನ ಎರಡು ಸೀರೆಯ ಗಂಟು ಕಟ್ಟಿಕೊಂಡು ಹೊಸಿಲು ದಾಟಿದಳು.

"ಹೆಸರು ನಿಂದು ಐತಲ್ಲ," ಅಂದಳು. "ಕುಂತು ನೇಯಿ."