ಕೋಳಿ ಮಾರಿದ ರಾಗ

ಡ್ರಾಹಾಳ ಅಡುಗೆಮನೆಯ ಕಿಟಕಿಗೆ ನೇರ ಎದುರಲ್ಲೇ ಊರಿನ ಲೌಡ್‌ಸ್ಪೀಕರ್ ಕಂಬ. ಅದು ಕರಕರ ಅಂದ ಕೂಡಲೇ ಅವಳು ಕಿಟಕಿ ಮುಚ್ಚಿಬಿಡುತ್ತಾಳೆ. ಒಲೆಯ ಮೇಲೆ ಎಲೆಕೋಸು ಬೇಯುತ್ತ ಮನೆಯೆಲ್ಲ ನಾರುತ್ತಿದ್ದರೂ ಸರಿಯೇ. ಎಲೆಕೋಸಿನ ವಾಸನೆಯನ್ನಾದರೂ ತಡೆದುಕೊಳ್ಳಬಹುದು, ಆ ರಾಗವನ್ನು ತಡೆದುಕೊಳ್ಳಲಾಗದು. ಆ ರಾಗ ಅವಳ ಗಂಡ ಕಟ್ಟಿದ್ದು.

ಗಂಡ ಬೋಹುಷ್ ಹಾವ್ರಾನೆಕ್ ರೊಟ್ಟಿ ಸುಡುವವನ ಮಗ. ಬರ್ನೋ ಪಟ್ಟಣದಲ್ಲಿ ಸಂಗೀತ ಓದಿ, ಅಲ್ಲೇ ಪಾಠ ಹೇಳಿಕೊಂಡು, ಪಿಟೀಲಿಗೆ, ಪಿಯಾನೋಗೆ ಕೃತಿ ರಚಿಸುತ್ತಿದ್ದ. ರೇಡಿಯೋದಲ್ಲೂ ಬರುತ್ತಿತ್ತು. ಅವನದು ಬೇಗ ಹೇಸುವ ಸ್ವಭಾವ. ಹಾಲಿನ ಕೆನೆ ಕಂಡರೆ ಹೇಸಿಗೆ, ಭಾಷಣ ಕೇಳಿದರೆ ಹೇಸಿಗೆ, ಮದುವೆ ಮನೆಯ ತುತ್ತೂರಿ ಕೇಳಿದರಂತೂ ಮುಖ ಕಿವುಚಿಕೊಂಡು ಎದ್ದು ಹೋಗುತ್ತಿದ್ದ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ದೇಶದೊಳಕ್ಕೆ ರಷ್ಯದ ಟ್ಯಾಂಕುಗಳು ಬಂದವು. ಬಂದದ್ದು ಅಣ್ಣತಮ್ಮಂದಿರ ಸಹಾಯಕ್ಕೆ ಎಂದು ಒಂದು ಕಾಗದಕ್ಕೆ ಎಲ್ಲರೂ ಸಹಿ ಹಾಕಬೇಕಾಯಿತು. ಬೋಹುಷ್ ಹಾಕಲಿಲ್ಲ. ಅದನ್ನು ಧೈರ್ಯ ಎಂದು ಆಮೇಲೆ ಜನ ಹೊಗಳಿದರು. ಡ್ರಾಹಾಗೆ ಗೊತ್ತು, ಧೈರ್ಯವೂ ಅಲ್ಲ ಏನೂ ಅಲ್ಲ. ಕಾಗದ ಓದಿ ಅವನಿಗೆ ಹೇಸಿಗೆಯಾಗಿತ್ತು, ಅಷ್ಟೆ.

ಕೆಲಸ ಹೋಯಿತು, ರೇಡಿಯೋ ಹೋಯಿತು. ಗಂಡ ಹೆಂಡತಿ ಡ್ರಾಹಾಳ ತವರೂರು ಲ್ಹೋಟ್ಕಾಗೆ ಬಂದರು. ಅಲ್ಲಿ ಸಹಕಾರಿ ಸಂಘದ ಹಂದಿಗೂಡಿನಲ್ಲಿ ಅವನಿಗೆ ಕೆಲಸ ಕೊಟ್ಟರು. ಹಾಲಿನ ಕೆನೆಗೆ ಹೇಸುವವನು ದಿನವೂ ಹಂಡೆಯಲ್ಲಿ ಕೊಳೆತ ಆಲೂಗಡ್ಡೆ ಬೇಯಿಸಿ ಹಂದಿಗಳಿಗೆ ಸುರಿಯಬೇಕು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ನಾತ ಉಗುರಿನ ಸಂದಿಯಿಂದ ಹೋಗಲಿಲ್ಲ. ಭಾನುವಾರ ಮಾತ್ರ ಊಟದ ಮೇಜಿನ ಬಟ್ಟೆ ಮಡಿಸಿಟ್ಟು ಬರೆಯಲು ಕೂರುತ್ತಿದ್ದ. ಎರಡು ಪಿಟೀಲು, ವಿಯೋಲಾ ಎನ್ನುವ ತುಸು ದೊಡ್ಡ ಪಿಟೀಲು ಒಂದು, ಕಾಲ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋ ಒಂದು, ಈ ನಾಲ್ಕಕ್ಕೆ ಒಂದು ಕೃತಿ. ಅದರ ಎರಡನೆಯ ಭಾಗ ನಿಧಾನಗತಿಯದು. ದೊಡ್ಡ ಪಿಟೀಲು ಒಂದೇ ಶುರುಮಾಡುತ್ತದೆ, ಯಾರೋ ಕತ್ತಲ ಕೋಣೆಯಲ್ಲಿ ಗೋಡೆ ಸವರಿಕೊಂಡು ಬಾಗಿಲು ಹುಡುಕುವ ಹಾಗೆ. ಸಂಗೀತ ಅಷ್ಟೇನೂ ತಿಳಿಯದ ಡ್ರಾಹಾಗೂ ಅದನ್ನು ಅವನು ಗುನುಗಿದಾಗ ಕೈಯಲ್ಲಿದ್ದ ಚಮಚ ನಿಂತುಬಿಡುತ್ತಿತ್ತು. ಇದೊಂದು ಇದ್ದ ಹಾಗೆ ಜನರ ಕಿವಿಗೆ ಬಿದ್ದರೆ ಬದುಕಿದ್ದಕ್ಕೆ ಸಾರ್ಥಕ ಎಂದು ಅವನೂ ಒಂದು ಸಲ ಹೇಳಿದ್ದ.

ಹೀಗಿರುವಾಗ ಊರಿನ ಸಮಿತಿಯ ಅಧ್ಯಕ್ಷ ವಾಶೀಚೆಕ್ ಒಂದು ದಿನ ಅಂಗಳಕ್ಕೆ ಬಂದ.

"ಏನ್ ಮೇಷ್ಟ್ರೇ, ಹಂದಿಗಳು ಸಂಗೀತ ಕಲ್ತ್ವಾ?"

"ಕಲೀತಿದಾವೆ. ಸಮಿತಿಯವ್ರಿಗಿಂತ ವಾಸಿ."

ವಾಶೀಚೆಕ್ ನಕ್ಕುಬಿಟ್ಟ. ಅವನಲ್ಲಿ ಹೇಸಿಗೆ ಹುಟ್ಟಿಸುವ ಗುಣವೆಂದರೆ ಅದೇ, ಸಿಟ್ಟೇ ಬಾರದು. ಉಗಿದರೂ ಒರೆಸಿಕೊಂಡು ಮಾತು ಮುಂದುವರಿಸುವ ಮನುಷ್ಯ.

"ನೋಡಿ ಮೇಷ್ಟ್ರೇ, ಲೌಡ್‌ಸ್ಪೀಕರ್‌ನಲ್ಲಿ ಸುದ್ದಿ ಹೇಳೋಕ್ ಮುಂಚೆ ಹಾಕ್ತೀವಲ್ಲ, ಆ ರೆಕಾರ್ಡು ಸವೆದುಹೋಗಿದೆ. ಬೆಕ್ಕಿನ ಬಾಲ ತುಳಿದಂಗೆ ಕಿರುಚತ್ತೆ. ಊರಲ್ಲೇ ನಿಮ್ಮಂಥವ್ರು ಇದ್ದೀರಿ. ಚಿಕ್ಕದೊಂದು ಮಾಡ್ಕೊಡಿ, ಜನ ಕಿವಿ ಕೊಡ್ಬೇಕು, ಅಷ್ಟೆ. ಪಕ್ಕದೂರಿನ ಸಂಗೀತಶಾಲೇಲಿ ಜಾಗ ಖಾಲಿ ಇದೆ. ನಾನೊಂದ್ ಮಾತ್ ಹೇಳಿದ್ರೆ ಆಯ್ತು."

ಅವನು ಹೋದ ಮೇಲೆ ಡ್ರಾಹಾ ಬಟ್ಟೆ ಹಿಂಡುತ್ತಲೇ ಹೇಳಿದಳು: "ಮಾಡ್ಕೊಡು. ಪಕ್ಕದಲ್ಲಿ ನೀನು ಮಲಗಿದೀಯೋ ಹಂದಿ ಮಲಗಿದೆಯೋ ಗೊತ್ತಾಗ್ತಿಲ್ಲ ನಂಗೆ."

ಏನೋ ಒಂದು ಗೀಚಿ ಕೊಡುತ್ತಾನೆ ಎಂದುಕೊಂಡಿದ್ದಳು. ಅವನು ಕೊಟ್ಟದ್ದು ಆ ನಿಧಾನಗತಿಯ ಶುರುವಿನ ಸ್ವರಗಳನ್ನು. ಅಗ್ನಿಶಾಮಕ ದಳದ ಬ್ಯಾಂಡಿನವನೊಬ್ಬ ಬಿಯರ್ ಕುಡಿದ ಬಾಯಲ್ಲೇ ಅದನ್ನು ತುತ್ತೂರಿಯಲ್ಲಿ ಊದಿದ, ಟೇಪಿಗೆ ಹಿಡಿದರು. ಕಂಬದಿಂದ ಮೊದಲ ಸಲ ಅದು ಕೇಳಿದಾಗ ಡ್ರಾಹಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಇದನ್ನ್ಯಾಕ್ ಕೊಟ್ಟೆ? ಬೇರೆ ಏನಾದ್ರೂ ಕೊಡ್ಬಹುದಿತ್ತಲ್ಲ."

"ಕೆಟ್ಟದ್ದು ಬರಿಯೋಕೆ ಕೂತೆ ಡ್ರಾಹಾ, ಬರ್ಲಿಲ್ಲ. ಹೆಂಗೂ ನನ್ನದನ್ನ ಯಾರೂ ನುಡಿಸಲ್ಲ. ಕಂಬದ ಮೇಲಾದ್ರೂ ಇರ್ಲಿ ಬಿಡು."

ತುತ್ತೂರಿ ನಿಂತಿತು. ಗಂಟಲು ಸರಿಮಾಡಿಕೊಂಡು ವಾಶೀಚೆಕ್ ಶುರುಮಾಡಿದ: "ಗಮನಿಸಿ. ನಾಳೆ ಬೆಳಗ್ಗೆ ಹೆಂಡದಂಗಡಿ ಮುಂದೆ ಮೊಟ್ಟೆ ಇಡೋ ಕೋಳಿಗಳು ಬರ್ತವೆ. ಕಂದು ಬಣ್ಣದವು. ಚೀಲ ನೀವೇ ತರ್ಬೇಕು."

ಅಂದಿನಿಂದ ಊರಿಗೆ ಅದು ಕೋಳಿ ರಾಗ. ಆ ಸ್ವರಗಳು ಕೇಳಿದವೆಂದರೆ ಹೆಂಗಸರು ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು ಚೀಲಕ್ಕೆ ಕೈಹಾಕಬೇಕು. ಇಲ್ಲದಿದ್ದರೆ ಕೋಳಿ ಮುಗಿದುಹೋಗುತ್ತಿತ್ತು, ಕಿತ್ತಳೆ ಮುಗಿದುಹೋಗುತ್ತಿತ್ತು. ಗಂಡಸರು ಹೆಂಡದಂಗಡಿಯ ಹಿಂದಿನ ಗೋಡೆಗೆ ಉಚ್ಚೆ ಹೊಯ್ಯುತ್ತ ಅದನ್ನೇ ಸಿಳ್ಳೆ ಹಾಕುತ್ತಿದ್ದರು. ಬೋಹುಷ್ ಸಂಗೀತಶಾಲೆ ಸೇರಿದ, ಉಗುರಿನ ನಾತ ಹೋಯಿತು. ಬರೆಯುವುದು ಮಾತ್ರ ಕಡಿಮೆಯಾಯಿತು.

ಇಪ್ಪತ್ತು ವರ್ಷದ ಮೇಲೆ ಕಾಲ ತಿರುಗಿತು. ನಿಮ್ಮ ಹೊತ್ತು ಮುಗಿಯಿತು, ಹೊರಡಿ ಎಂದು ಬೀಗದ ಕೈಗೊಂಚಲು ಅಲ್ಲಾಡಿಸಿಕೊಂಡು ಜನ ಬೀದಿಗಿಳಿದರು, ಸರ್ಕಾರ ಬಿತ್ತು. ವಾಶೀಚೆಕ್ ಕೋಟಿನ ಮೇಲಿನ ಪಕ್ಷದ ಬಿಲ್ಲೆ ಬದಲಾಯಿಸಿಕೊಂಡು ಅದೇ ಕುರ್ಚಿಯಲ್ಲಿ ಕೂತ. ಬರ್ನೋದಿಂದ ಯುವಕ ಯುವತಿಯರು ನಾಲ್ವರು ಬೋಹುಷ್‌ನನ್ನು ಹುಡುಕಿಕೊಂಡು ಬಂದು, ನಿಮ್ಮ ಕೃತಿ ನುಡಿಸುತ್ತೇವೆ ಅಂದರು. ಹತ್ತು ವರ್ಷ ಚಿಕ್ಕವನಾದವನ ಹಾಗೆ ಅವನು ಓಡಾಡಿದ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡ.

ಊರಿನವರೂ ಬಸ್ಸು ಮಾಡಿಕೊಂಡು ಹೊರಟರು. ದಾರಿಯುದ್ದಕ್ಕೂ ಕರಿದ ಹಂದಿಮಾಂಸ, ರೊಟ್ಟಿ, ಸಾರಾಯಿ. ಜಿಡ್ಡುಗೈಯಲ್ಲೇ ಅವನ ಬೆನ್ನು ತಟ್ಟಿದ್ದರಿಂದ ಕೋಟಿನ ಮೇಲೆ ಕಲೆ ಬಿತ್ತು. ಅವನು ಅದಕ್ಕೂ ನಕ್ಕ. ಅವನು ಹೇಸದೆ ಇದ್ದದ್ದನ್ನು ಡ್ರಾಹಾ ಕಂಡದ್ದು ಅದೊಂದೇ ದಿನ.

ಸಭಾಂಗಣದಲ್ಲಿ ಮೊದಲ ಭಾಗ ಚೆನ್ನಾಗಿ ಮುಗಿಯಿತು. ಊರಿನವರು ಕೆಮ್ಮಿಕೊಂಡು, ಪೆಪ್ಪರಮಿಂಟಿನ ಕಾಗದ ಬಿಚ್ಚಿಕೊಂಡು ಕೂತಿದ್ದರು. ಎರಡನೆಯ ಭಾಗಕ್ಕೆ ಯುವತಿಯೊಬ್ಬಳು ದೊಡ್ಡ ಪಿಟೀಲನ್ನು ಗದ್ದಕ್ಕೆ ಒತ್ತಿ ಒಬ್ಬಳೇ ಶುರುಮಾಡಿದಳು. ಆ ಸ್ವರಗಳು.

ಊರಿನವರು ಕೂತಿದ್ದ ಮೂರು ಸಾಲಿನ ತುಂಬ ಸರಬರ ಸದ್ದು. ತಲೆಗಳೆಲ್ಲ ಒಟ್ಟಿಗೆ ಎದ್ದವು. ಕಿವಿ ಮಂದವಾದ ಕುಡ್ಲಾಚ್ಕಾ ಅಜ್ಜಿ ಸಭಾಂಗಣಕ್ಕೆಲ್ಲ ಕೇಳುವ ಹಾಗೆ ಅಂದಳು: "ಏನ್ ಬಂತಂತೆ? ಕೋಳಿನಾ?"

"ಸುಮ್ನಿರಜ್ಜಿ, ಮೊದ್ಲು ವಾಶೀಚೆಕ್ ಹೇಳ್ಲಿ," ಅಂದ ಹಿಂದಿನಿಂದ ಒಬ್ಬ.

ನಗು ಶುರುವಾಯಿತು. ತಡೆದಷ್ಟೂ ಮೂಗಿನಿಂದ ಹೊರಬಂತು. ಒಬ್ಬಳು ಕರವಸ್ತ್ರ ಕಚ್ಚಿಕೊಂಡಳು, ಒಬ್ಬ ಕುರ್ಚಿಯ ಕೆಳಗೆ ಬಗ್ಗಿದ. ಪಟ್ಟಣದವರು ತಿರುಗಿ ನೋಡಿದರು. ನುಡಿಸುವವರು ಕೆಂಪಾದರು, ಆದರೂ ನುಡಿಸಿದರು. ಡ್ರಾಹಾಗೆ ನಗುತ್ತಿದ್ದ ಊರಿನವರ ಕೆಂಪು ಕೆನ್ನೆಗಳನ್ನೂ ಜಿಡ್ಡು ತುಟಿಗಳನ್ನೂ ನೋಡಿ ಹೇಸಿಗೆಯಾಯಿತು. ಇವರನ್ನು ಕೋಳಿಗಳ ಜೊತೆ ಚೀಲಕ್ಕೆ ತುಂಬಬೇಕಿತ್ತು ಎಂದುಕೊಂಡಳು. ಆಗ ಬೋಹುಷ್‌ನ ಕಡೆ ತಿರುಗಿದಳು. ಅವನು ವೇದಿಕೆ ನೋಡುತ್ತಿರಲಿಲ್ಲ, ನಗುವವರನ್ನೂ ನೋಡುತ್ತಿರಲಿಲ್ಲ. ಅವಳ ಮಡಿಲನ್ನು ನೋಡುತ್ತಿದ್ದ. ಮಡಿಲಲ್ಲಿದ್ದ ಕೈಚೀಲದ ಬಾಯಿ ತೆರೆದಿತ್ತು. ಅವಳ ಕೈ ತಾನಾಗಿಯೇ ಒಳಗೆ ಹೋಗಿತ್ತು.



ಮರುದಿನ ವಾಶೀಚೆಕ್ ಪ್ಲಮ್ ಹಣ್ಣಿನ ಸಾರಾಯಿ ಹಿಡಿದು ಬಂದ. "ಮೇಷ್ಟ್ರೇ, ನಿಮ್ಮ ಮನೆ ಗೋಡೆಗೊಂದು ಕಲ್ಲು ಹಾಕಿಸ್ತೀವಿ, ಹೆಸ್ರು ಕೆತ್ತಿಸಿ."

"ಕಲ್ಲು ಬೇಡ. ಕಂಬದಿಂದ ಅದನ್ನ ತೆಗೆಸು."

"ಅದೆಂಗಾಗತ್ತೆ? ಜನಕ್ಕೆ ರೂಢಿಯಾಗಿದೆ. ಅದು ಊರಿನ್ದು ಈಗ. ನಿಮ್ಮೊಬ್ರದೇ ಅಲ್ಲ."

ಬೋಹುಷ್ ಆ ಬಾಟಲಿಯನ್ನು ಬಚ್ಚಲಿಗೆ ಸುರಿದ. ಆಮೇಲೆ ನುಡಿಸಿದವರಿಂದ ವಾಪಸು ತಂದಿದ್ದ ಹಾಳೆಗಳಲ್ಲಿ ಎರಡನೆಯ ಭಾಗದವನ್ನೆಲ್ಲ ಹರಿದು ತೆಗೆದು ಒಲೆಯ ಮುಂದೆ ಕೂತ. ಡ್ರಾಹಾ ಅವನ ಕೈಯಿಂದ ಕಸಿದುಕೊಂಡಳು. ಅವನು ಬಿಟ್ಟುಕೊಟ್ಟ, ಮತ್ತೆ ಕೇಳಲಿಲ್ಲ. ಆ ಕೃತಿಯನ್ನು ಅಂದಿನಿಂದ ಎಲ್ಲ ಕಡೆ ಆ ಭಾಗವಿಲ್ಲದೆಯೇ ನುಡಿಸುತ್ತಾರೆ. ನಡುವೆ ಏನೋ ಕಿತ್ತುಹೋದ ಹಾಗಿರುವುದೇ ಅದರ ಹೆಚ್ಚುಗಾರಿಕೆ ಎಂದು ಪತ್ರಿಕೆಯಲ್ಲಿ ಯಾರೋ ಬರೆದರು. ಓದಿ ಅವನು ಹೇಸಿಕೊಂಡ.

ಅವನು ತೀರಿಕೊಂಡಾಗ ಸುದ್ದಿಯನ್ನು ಕಂಬದಲ್ಲೇ ಹೇಳಿದರು. ಮೊದಲು ಕೋಳಿ ರಾಗ, ಆಮೇಲೆ ಬೋಹುಷ್ ಹಾವ್ರಾನೆಕ್ ಇನ್ನಿಲ್ಲ, ಅದರ ಬೆನ್ನಿಗೇ ಆಲೂಗಡ್ಡೆ ಲಾರಿ ಬಂದಿದೆ. ಡ್ರಾಹಾ ಹೆಣಕ್ಕೆ ಕೋಟು ತೊಡಿಸುತ್ತಿದ್ದವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಅಂದು ದೊಡ್ಡ ಪಿಟೀಲು ನುಡಿಸಿದ್ದ ಯುವತಿ ಹೋದ ವರ್ಷ ಬಂದಳು. ಈಗ ಅವಳ ಕೂದಲೂ ನರೆತಿದೆ.

"ಅಮ್ಮಾ, ಆ ಭಾಗ ನಿಮ್ಮ ಹತ್ರ ಇದೆ ಅಂತ ಗೊತ್ತು. ಕೊಡಿ. ಪೂರ್ತಿ ನುಡಿಸ್ಬೇಕು ಅಂತ ಆಸೆ."

ಡ್ರಾಹಾ ಹಿಟ್ಟಿನ ಪೆಟ್ಟಿಗೆಯ ತಳದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ತನ್ನ ಕೈಯಿಟ್ಟಳು.

"ಆ ಕೋಳಿ ತಂದು ಸಾಕಿದವ್ರು ಊರಲ್ಲಿ ಇನ್ನೂ ಬೇಕಾದಷ್ಟು ಜನ ಇದೀವಿ. ನಾವೆಲ್ಲಾ ಸಾಯ್ಬೇಕು ಕಣಮ್ಮ. ಆಮೇಲೆ ನುಡಿಸು."

"ನೀವು ಹಾಗನ್ಬಾರ್ದು. ನೀವು ಅವ್ರ ಹೆಂಡ್ತಿ."

"ನಾನೂ ಸೇರಿಯೇ ಹೇಳಿದ್ದು," ಅಂದಳು ಡ್ರಾಹಾ.

ಆ ಹೆಂಗಸು ಮಾತು ಕೊಟ್ಟು ಹಾಳೆಗಳನ್ನು ಒಯ್ದಳು. ಅವಳು ಗೇಟು ದಾಟುವಷ್ಟರಲ್ಲಿ ಕಂಬ ಕರಕರ ಅಂದಿತು.