ಹೂಂಗುಟ್ಟಿದರೆ ಮಾತ್ರ ವಿಡಿಯೊ ಮುಂದಕ್ಕೆ

"ಮನ್ಯಾಗೂ ಮೊಬೈಲ್, ಇಲ್ಲೂ ಮೊಬೈಲ್! ನಾಳಿಂದ ಹುಡುಗೀನ ಕಳ್ಸಂಗಿಲ್ರೀ ಮಾಸ್ತರ."

ಗೆಳೆಯರೇ, ಇವತ್ತು ಮರಾಠಿ ನಾಡಿನ ಐರೋಲಿಯ ನಮ್ಮ ಸಂಜೆ ತರಗತಿಗೆ ಬಂದು ಹೀಗೆ ಗುಡುಗಿದವರು ರೇಣುಕಾಳ ತಾಯಿ. ಕಲಬುರಗಿಯವರು, ಕಟ್ಟಡದ ಕೆಲಸ ಮುಗಿಸಿ ನೇರ ಬಂದಿದ್ದರು. ನಾನು ಮಕ್ಕಳಿಗೆ ಉಬ್ಬರವಿಳಿತದ ಪುಟ್ಟ ವಿಡಿಯೊ ತೋರಿಸುತ್ತಿದ್ದೆ.

"ಸ್ವಲ್ಪ ಕೂತು ನೋಡಿ ಅಕ್ಕಾ, ಆಮೇಲೆ ಕರೆದುಕೊಂಡು ಹೋಗಿ" ಎಂದೆ.

ಹೂಂಗುಟ್ಟದವರಿಗೆ ನಮ್ಮಜ್ಜಿ ಕಥೆ ಹೇಳುತ್ತಿರಲಿಲ್ಲ. ನನ್ನ ವಿಡಿಯೊಗೂ ಅದೇ ಕಾನೂನು. ಆಗಾಗ ನಿಲ್ಲಿಸುತ್ತೇನೆ, ಮಕ್ಕಳು "ಹೂಂ" ಅಂದರೆ ಮಾತ್ರ ಮುಂದೆ. ಚಂದ್ರ ಸಮುದ್ರದ ನೀರನ್ನು ಎಳೆಯತೊಡಗಿದಾಗ ನಿಲ್ಲಿಸಿದೆ. ಮಕ್ಕಳಿಗಿಂತ ಮೊದಲೇ ಹಿಂದಿನಿಂದ ರೇಣುಕಾಳ ತಾಯಿಯ ದನಿ: "ಹೂಂ! ಮುಂದ?"

"ಮುಂದಿನದು ನಾಳೆ" ಎಂದು ಫೋನ್ ಜೇಬಿಗಿಳಿಸಿದೆ.

"ಮಮ್ಮೀ, ಕಲ್ ಆನೇ ದೋಗೀ ನಾ?" ನಾಳೆ ಬರಲು ಬಿಡುತ್ತೀ ತಾನೇ ಎಂದು ರೇಣುಕಾ ಹಿಂದಿಯಲ್ಲಿ ಕೇಳಿದಳು.

"ಇಬ್ಬರೂ ಬರೂಣು ನಡೀ."

ಈ ವಿಡಿಯೊ ಪಾಠವನ್ನು ನಾನು ಬಿಡುವವನಲ್ಲ. ಅರ್ಧಕ್ಕೆ ನಿಲ್ಲಿಸುವುದನ್ನಂತೂ ಬಿಡುವುದೇ ಇಲ್ಲ.