ಕಟಿಂಗ್ ಮಾಸ್ಟರರ ಕೈನಡುಕ

ಗಿರಾಕಿ ಟೈಲರ್ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಭುಜದ ಏರುಪೇರು ಕಟಿಂಗ್ ಮಾಸ್ಟರರ ಕಣ್ಣಿಗೆ ಬಿದ್ದಿರುತ್ತಿತ್ತು. ಟೇಪು ಹಿಡಿಯುವುದು ಬರೀ ಗಿರಾಕಿಯ ಸಮಾಧಾನಕ್ಕೆ. ಅಂಥವರಿಗೆ ಐವತ್ತಕ್ಕೇ ಕೈನಡುಕ ಬಂದಾಗ ಜೀವವೇ ಹೋದಂತಾಗಿತ್ತು. ಒಂದು ಮಾತ್ರೆ ಕೈಯನ್ನು ಉಳಿಸಿಕೊಟ್ಟಿತು. ಒಂಬತ್ತು ವರ್ಷ ಹೆಂಡತಿ ಅದನ್ನು ದಿನಾ ಬೆಳಿಗ್ಗೆ ಅವರ ಅಂಗೈಗೆ ಹಾಕಿ, ನುಂಗುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಗಂಡನ ಕೈ ತನ್ನ ಸ್ವಂತ ಆಸ್ತಿ ಎಂಬಷ್ಟು ಜಂಬ ಆಕೆಗೆ.

ಈ ವರ್ಷ ಐದು ಮೆಟ್ಟಿಲಿಗೇ ಏದುಸಿರು ಶುರುವಾಯಿತು. ಹೃದಯದ ಡಾಕ್ಟರು ಸ್ಕ್ಯಾನ್ ನೋಡಿದರು.

"ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಕೊಳ್ತಿಲ್ಲ. ಆ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಕೆಲವರಿಗೆ ಹೀಗಾಗುತ್ತೆ. ಹಾಳಾಗಿದ್ದು ವಾಪಸ್ ಬರಲ್ಲ. ಇನ್ನಷ್ಟು ಹಾಳಾದ್ರೆ ಜೀವಕ್ಕೇ ಕಷ್ಟ. ಇವತ್ತೇ ನಿಲ್ಲಿಸಿ."

ಹೊರಗೆ ಬೆಂಚಿನ ಮೇಲೆ ಹೆಂಡತಿ ಚೀಟಿ ಹಿಡಿದು ಕೂತಿದ್ದಳು. ನೀನು ಕೊಟ್ಟದ್ದೇ ನನ್ನನ್ನು ತಿಂದಿತು ಎಂದು ಯಾವ ಬಾಯಲ್ಲಿ ಹೇಳುವುದು?

"ಆ ಮಾತ್ರೆ ಕೋರ್ಸ್ ಮುಗೀತಂತೆ ಕಣೇ."

"ನಡುಕ ಮುಗೀದೆ ಕೋರ್ಸ್ ಹೇಗ್ರೀ ಮುಗಿಯುತ್ತೆ? ಆ ಡಾಕ್ಟರಿಗೆ ತಲೆ ಕೆಟ್ಟಿದೆ."

ಡಾಕ್ಟರು ಬರೆದುಕೊಟ್ಟ ಬದಲಿ ಮಾತ್ರೆ ನಾಟಲಿಲ್ಲ. ಹದಿನೈದು ದಿನದಲ್ಲಿ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಹೋಗಿ ಯಾರದೋ ಕೋಟಿನ ಬಟ್ಟೆ ಹಾಳಾಯಿತು. ಅಂಗಡಿಯ ಯಜಮಾನ ಒಳ್ಳೆಯವನು, ಬೈಯಲಿಲ್ಲ. ಕತ್ತರಿಯನ್ನು ಮಾತ್ರ ಇನ್ನೊಬ್ಬನ ಕಡೆ ಸರಿಸಿದ. ಮಾಸ್ಟರು ಅಂದು ಮನೆಗೆ ಬಂದು ಹೆಂಡತಿಯೆದುರೇ ಅತ್ತುಬಿಟ್ಟರು.

ಅದಾಗಿ ಒಂದು ವಾರಕ್ಕೆ, ಸುಮ್ಮನೆ ಚೂರು ಬಟ್ಟೆಯ ಮೇಲೆ ಕತ್ತರಿ ಆಡಿಸಿ ನೋಡಿದರು. ನೆಟ್ಟಗೆ ಓಡಿತು. ಕಂಕುಳಿನ ತಿರುವು ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ಮಾಸ್ಟರು ಹಿಗ್ಗಿ ಹೀರೇಕಾಯಿಯಾದರು. ಆ ಹಿಗ್ಗು ಎರಡು ನಿಮಿಷವೂ ಇರಲಿಲ್ಲ. ಈ ಕೈ ತಾನಾಗಿ ನಿಲ್ಲುವ ಕೈಯಲ್ಲ. ನಾಲ್ಕಾರು ದಿನದಿಂದ ಬೆಳಗಿನ ಹಾಲು ಯಾಕೋ ಕಹಿಯಿತ್ತು.

ಮರುದಿನ ಬೆಳಿಗ್ಗೆ ಹಾಲಿಗೆ ಕರೆಯುವ ಮುಂಚೆಯೇ ಅಡುಗೆಮನೆಗೆ ಹೋದರು. ಹೆಂಡತಿ ಚಮಚದ ಬೆನ್ನಿನಿಂದ ಅದೇ ಹಳೇ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕುತ್ತಿದ್ದಳು. ಬೆಚ್ಚಿದಳು, ಆಮೇಲೆ ನಕ್ಕಳು.

"ಹೇಳಿದ್ರೆ ಬೇಡ ಅಂತಿದ್ರಿ. ಔಷಧಿ ಅಂಗಡೀಲಿ ಹಳೇ ಚೀಟಿ ತೋರಿಸಿ ತಂದೆ. ಈಗ ಕೈ ನೋಡ್ಕೊಳ್ಳಿ, ನಾನಿರೋವರೆಗೂ ಇದಕ್ಕೇನೂ ಆಗೋಕೆ ಬಿಡಲ್ಲ."

ತಿಂಗಳಿಂದ ಆ ಮುಖದಲ್ಲಿ ನಗು ಕಂಡಿರಲಿಲ್ಲ. ಹೇಳದಿದ್ದರೆ ಎದೆ ಉಳಿಯುವುದಿಲ್ಲ, ಹೇಳಿದರೆ ಇವಳು ಉಳಿಯುವುದಿಲ್ಲ. ಮಾಸ್ಟರು ಬಾಗಿಲು ಹಿಡಿದು, ಉಸಿರು ಎಳೆದುಕೊಂಡು, ಹೇಳಲೆಂದು ಬಾಯಿ ತೆರೆದರು.

ಹೆಂಡತಿ ಹಾಲಿನ ಲೋಟವನ್ನು ಅವರ ತುಟಿಗೇ ಹಿಡಿದಳು. ಮಾಸ್ಟರು ಕುಡಿದರು.